ಸೇತುವೆಗೆ ಎಷ್ಟು ಕಣ್ಣು

ಮಾತಾಡುವವಳು ನಾನಲ್ಲ.
ಅದು ಗಾಜಿನಾಚೆಯ ವಸಂತಮಾಧವನ ಕೆಲಸ,
ದವಡೆಯಲ್ಲಿ ಜೇಷ್ಠಮಧು ಒತ್ತಿಕೊಂಡು.
ನಾನು ಈಚೆ ಫೋನೆತ್ತುವವಳು:
ಹೆಸರು, ಊರು, ಯಾವ ಹಾಡು, ಯಾರಿಗೆ,
ರೇಡಿಯೋ ಸಣ್ಣ ಮಾಡಿ, ಲೈನ್ ಮೇಲಿರಿ.
ದುರ್ಗಿಗುಡಿಯಲ್ಲಿ ಕನ್ನಡಕದಂಗಡಿಯ ಮಾಳಿಗೆ,
ಗೋಡೆಗೆ ಮೊಟ್ಟೆಯ ಟ್ರೇ ಬಡಿದು ನಿಲ್ಲಿಸಿದ ನಿಶ್ಶಬ್ದ.

ಏಳೂವರೆಗೆ, ರಾತ್ರಿಪಾಳಿ ಮುಗಿಸುವ ಮುನ್ನ,
ಮೆಗ್ಗಾನಿನಿಂದ ಒಬ್ಬರು ಸಿಸ್ಟರ್.
ಹೆಸರು ಹೇಳುತ್ತಿರಲಿಲ್ಲ, ಬೆಡ್ ನಂಬರು ಹೇಳುತ್ತಿದ್ದರು:
ಇಪ್ಪತ್ತಾರಕ್ಕೆ ಹಳೆಯದು ಯಾವುದಾದರೂ.
ಒಂದು ವಾರ ಇಪ್ಪತ್ತಾರಕ್ಕೇ ಕೇಳಿದರು.
ಆಮೇಲೆ ಒಂಬತ್ತಕ್ಕೆ. ನಾವೂ ವಿಚಾರಿಸಲಿಲ್ಲ.

ಸೂಳೆಬೈಲಿನ ಶಾಕಿರಾಬಿಗೆ ಹಾಡೆಂದರೆ ಲೆಕ್ಕ,
ಹಾಡಿಗೆ ಹನ್ನೊಂದು ಬೀಡಿ, ಜಾಹೀರಾತಿಗೆ ಎರಡು.
"ಆ ಬೋರ್‌ವೆಲ್ ಪಂಪಿಂದು ಇನ್ನೊಂದ್ಸಲ ಹಾಕಿ ಮೇಡಂ,
ಕಟ್ಟು ಮುಗೀಲಿ."

ಹತ್ತಕ್ಕೆ ಆಟೋ ಕಾಂಪ್ಲೆಕ್ಸಿನಿಂದ ಹುಚ್ಚರಾಯಪ್ಪ.
ದನಿಗಿಂತ ಮೊದಲು ಬರುತ್ತಿದ್ದುದು
ಲೇತು ನಿಲ್ಲುವ ಸದ್ದು,
ಕಬ್ಬಿಣ ಉಸಿರು ಬಿಡುತ್ತ ಬಿಡುತ್ತ
ಸುಮ್ಮನಾಗುವುದು.

ಹನ್ನೊಂದಕ್ಕೆ ಪ್ರಶ್ನೆ. ಗೆದ್ದರೆ ಕುಕ್ಕರು.
ಹೊಸಮನೆಯ ಒಬ್ಬಾಕೆ
ತನ್ನ, ಅತ್ತೆಯ, ಇನ್ನೂ ಹುಟ್ಟದ ಮಗಳ ಹೆಸರಲ್ಲಿ
ಮೂರು ಒಯ್ದಳು.

ಯಾವಾಗ ಕಡಿಮೆಯಾಯಿತು, ಹೇಳಲಾರೆ.
ನಲ್ಲಿ ಹೇಳಿ ಕೇಳಿ ನಿಲ್ಲುತ್ತದೆಯೇ?
ಮೊದಲು ದಾರ, ಆಮೇಲೆ ಹನಿ,
ಆಮೇಲೆ ಗಾಳಿ ಕೆಮ್ಮಿದ ಹಾಗೆ.
ಬಾಡಿಗೆಗೆ ಬದಲು ಜಾಹೀರಾತು ಹಾಕಿಸುತ್ತಿದ್ದ ಕನ್ನಡಕದವನು
ಬಾಡಿಗೆಯನ್ನೇ ಕೊಟ್ಟುಬಿಡಿ ಅಂದ.
ಒಂದು ಮಂಗಳವಾರ
ಲೈನು ಸತ್ತಿದೆಯೇನೋ ಅಂತ ನನ್ನ ಮೊಬೈಲಿನಿಂದಲೇ
ಸ್ಟುಡಿಯೋಗೆ ಹೊಡೆದು ನೋಡಿದೆ.
ಎದುರಿಗೇ ಟ್ರಿಣ್ ಎಂದಿತು, ಆರೋಗ್ಯವಾಗಿ.
ಇದನ್ನೂ ಹೇಳಿಬಿಡುತ್ತೇನೆ, ನಾನೂ ಕೇಳುತ್ತಿರಲಿಲ್ಲ;
ಸಿಟಿ ಬಸ್ಸಿನಲ್ಲಿ ಕಿವಿಗೆ ಬಿರಡೆ ಸಿಕ್ಕಿಸಿ
ನನ್ನ ಪಾಡಿಗೆ ನನ್ನ ಹಾಡು.

ಆಮೇಲೆ ಸುಳ್ಳು ಶುರು ಮಾಡಿದೆವು.
ಚಹಾ ತರುವ ಲೋಕನಾಥ ಮೆಟ್ಟಿಲ ಕೆಳಗೆ ನಿಂತು
ದನಿ ತೆಳ್ಳಗೆ ಮಾಡಿ ಭದ್ರಾವತಿಯ ಸುಕನ್ಯಾ ಆಗುತ್ತಿದ್ದ,
ಎರಡು ನಿಮಿಷ ಬಿಟ್ಟು ಹೊಳೆಹೊನ್ನೂರಿನ ಮೇಷ್ಟ್ರು.
ನಾಲ್ಕನೇ ದಿನ ಹುಚ್ಚರಾಯಪ್ಪ ಫೋನು ಮಾಡಿದ:
"ಆ ಸುಕನ್ಯಂಗೆ ಕೆಮ್ಮಿನ ಔಷಧಿ ಕೊಡ್ಸಿ ಮೇಡಂ,
ಮೇಷ್ಟ್ರಿಗೂ ಅಂಟಿದೆ."
ನಕ್ಕೆವು. ನಕ್ಕ ಮೇಲೆ ವಸಂತಮಾಧವ ಬಹಳ ಹೊತ್ತು
ಮೈಕಿನ ಸ್ಪಂಜು ಹಿಸುಕುತ್ತ ಕೂತಿದ್ದ.

ಕೊನೆಯ ದಿನ ಕೊನೆಯದೆಂದು ಗೊತ್ತಿರಲಿಲ್ಲ.
ಎಂದಿನಂತೆ ಕೇಳಿದ:
ತುಂಗೆಯ ಹಳೇ ಸೇತುವೆಗೆ ಎಷ್ಟು ಕಣ್ಣು?
ಉತ್ತರ ನಾಳೆ, ಇದೇ ಹೊತ್ತಿಗೆ.
ನಾಳೆ ಇದೇ ಹೊತ್ತಿಗೆ ಬೀಗ ಬದಲಾಗಿತ್ತು.
ಅದೇ ಕಂಪನಾಂಕದಲ್ಲಿ ಎಲ್ಲಿಂದಲೋ ಒಬ್ಬಳು
ಮೊನ್ನೆಯೇ ನಕ್ಕಿಟ್ಟ ನಗುವನ್ನು ನಗುತ್ತಿದ್ದಳು.
"ಹಾಯ್ ಶಿಮೋಗಾ, ಎಂಥಾ ಬಿಸಿಲು!"
ಗೋಪಿ ಸರ್ಕಲ್ಲಿನಲ್ಲಿ ಆಗ ಆಲಿಕಲ್ಲು ಬಿದ್ದು
ಆಟೋದವರೆಲ್ಲ ಸೂರು ಹುಡುಕುತ್ತಿದ್ದರು.

ಮೊನ್ನೆ ಸ್ಕೂಟರಿನ ಸ್ಟ್ಯಾಂಡು ಮುರಿದು
ಆಟೋ ಕಾಂಪ್ಲೆಕ್ಸಿಗೆ ಹೋಗಿದ್ದೆ.
ಆ ಗದ್ದಲದಲ್ಲಿ "ಎಷ್ಟು ಹೊತ್ತಾಗುತ್ತೆ?"
ಅಂತ ಕೂಗಿದೆ, ಅಷ್ಟೇ.
ಬೆನ್ನು ಹಾಕಿ ನಿಂತಿದ್ದ ಮುದುಕ
ಕೈ ಚಾಚಿ ಲೇತು ನಿಲ್ಲಿಸಿದ.
ಆ ಸದ್ದು ನನಗೆ ಗೊತ್ತು.
ಅವನು ಮುಖ ನೋಡಲಿಲ್ಲ.
ಎಣ್ಣೆಬಟ್ಟೆಯಲ್ಲಿ ಬೆರಳೊಂದೊಂದೇ ಒರೆಸುತ್ತ
ನೆಲಕ್ಕೆ ಕೇಳಿದ:
"ಅವತ್ತು ಹೋಗಿ ಎಣಿಸ್ಕಂಡು ಬಂದಿದ್ದೆ ಮೇಡಂ.
ಹೋಗ್ತಾ ಒಂದು ಲೆಕ್ಕ ಬಂತು,
ಬರ್ತಾ ಒಂದು ಕಮ್ಮಿ.
ಯಾವ್ದು ಸರಿ?"

ಉತ್ತರದ ಚೀಟಿ ವಸಂತಮಾಧವನ ಅಂಗಿಜೇಬಿನಲ್ಲಿತ್ತು.
ಆ ಅಂಗಿ ಎಷ್ಟು ಸಲ ಒಗೆತಕ್ಕೆ ಬಿದ್ದಿದೆಯೋ.
ನನಗೆ ಗೊತ್ತಿಲ್ಲ ಅನ್ನಬೇಕಿತ್ತು.
ಬಾಯಿಗೆ ಬಂದದ್ದು ಹಳೆಯದೇ,
ಲೈನ್ ಮೇಲಿರಿ.

ಹೂಂ ಅಂದ.
ಸ್ಟ್ಯಾಂಡಿಗೆ ಎಂಬತ್ತು ರೂಪಾಯಿ ಆಯಿತು.